ಇಂಜಿನ್ ಕೆಲಸ ಮಾಡಿಸಿದ ಮೇಲೂ ಗಾಡಿ ಸ್ಟಾರ್ಟ್ ಆಗವಲ್ದು: ಎರಡನೇ ಸಾಲಕ್ಕೆ ಮುಂಚೆ ಐದು ಪ್ರಶ್ನೆ



ನಮ್ಮ ಸಗರ ನಾಡಿನ ಹಳ್ಳಿಗಳಲ್ಲಿ ಸಂಘದ ಸಾಲ ಎಂದರೆ ಎಮ್ಮೆ, ಕುರಿ, ಹೊಲಿಗೆ ಮಷೀನು, ಕಿರಾಣಿ ಅಂಗಡಿ ಇಷ್ಟೇ ಅಲ್ಲ. ಮನೆಯ ಗಾಡಿಗೂ ಸಂಘದ ಸಾಲ ಹೋಗುತ್ತದೆ. ಹತ್ತಿ ಬಿಡಿಸಲು ಆಳುಗಳನ್ನು ಕರೆದೊಯ್ಯುವ ಕ್ರೂಸರ್, ಶಹಾಪುರ, ಸುರಪುರದ ಸಂತೆಗೆ ಓಡಾಡುವ ಟಂಟಂ, ಮದುವೆಗೆ, ಆಸ್ಪತ್ರೆಗೆ, ಯಾದಗಿರಿ ರೈಲು ಸ್ಟೇಷನ್ನಿಗೆ ಬಾಡಿಗೆ ಹೊಡೆಯುವ ಹಳೇ ಕಾರು. ಇವುಗಳನ್ನು ಓಡಿಸುವವರು ಗಂಡ, ಮಗ ಇಲ್ಲವೇ ಮೈದುನ. ಆದರೆ ಸಾಲದ ಪುಸ್ತಕದಲ್ಲಿ ಹೆಸರು ನಿಮ್ಮದು, ಸಹಿ ನಿಮ್ಮದು. ಕಂತು ತಪ್ಪಿದರೆ ಸಭೆಯಲ್ಲಿ ತಲೆ ತಗ್ಗಿಸಿ ಕೂಡಬೇಕಾದವರೂ ನೀವೇ.

ಗಾಡಿ ಹಳೆಯದಾದಾಗ ಹೊಗೆ ಬಿಡುತ್ತದೆ, ಆಯಿಲ್ ಕುಡಿಯುತ್ತದೆ, ಏರು ಹತ್ತುವುದಿಲ್ಲ. ಆಗ ಮಿಸ್ತ್ರಿ ‘ಫುಲ್ ಇಂಜಿನ್ ಕೆಲಸ ಮಾಡಿಸಬೇಕು’ ಎನ್ನುತ್ತಾನೆ. ಇಂಜಿನ್ ಇಳಿಸುತ್ತಾರೆ, ಲೇತಿಗೆ ಒಯ್ದು ಬೋರ್ ಮಾಡಿಸುತ್ತಾರೆ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕುತ್ತಾರೆ. ಎರಡು ಮೂರು ವಾರ ದುಡಿಮೆ ಇಲ್ಲ. ಕೊನೆಗೆ ಎಲ್ಲ ಕಟ್ಟಿ ಚಾವಿ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ! ಒಂದು ದಿನ ನೋಡುತ್ತಾರೆ, ಎರಡು ದಿನ ನೋಡುತ್ತಾರೆ. ಆಮೇಲೆ ಮಾತು ಬರುತ್ತದೆ: “ಯಕ್ಕಾ, ಮತ್ತ ಬಿಚ್ಚಬೇಕಾಗ್ತದ. ಇನ್ನೊಂದು ಇಪ್ಪತ್ತು ಸಾವಿರ ನೋಡ್ಕೊರಿ.”

ಈ ಮಾತು ಕೇಳಿದ ಕೂಡಲೇ ಮನೆಯವರು ಸಾಲಕ್ಕೆ ಓಡುತ್ತಾರೆ. ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಖಾಸಗಿಯವರ ಹತ್ತಿರ 20,000 ತೆಗೆದರೆ ತಿಂಗಳಿಗೆ 600 ರೂಪಾಯಿ ಬಡ್ಡಿ. ಹತ್ತು ತಿಂಗಳಲ್ಲಿ 6,000 ರೂಪಾಯಿ ಬಡ್ಡಿಯೇ ಆಯಿತು, ಅಸಲು ಹಾಗೇ ಇರುತ್ತದೆ. ಅಷ್ಟು ಹಣ ಹಾಕುವ ಮೊದಲು ಆ ಬಿಚ್ಚುವಿಕೆ ನಿಜವಾಗಿ ಬೇಕೋ ಬೇಡವೋ ಎಂದು ಕೇಳಬೇಡವೇ? ಆ ಕೇಳುವ ಕ್ರಮವೇ ಈ ಪಾಠ.

ಪಾಠದ ಉದ್ದೇಶ

ನಿಮ್ಮನ್ನು ಮಿಸ್ತ್ರಿ ಮಾಡುವುದು ನಮ್ಮ ಉದ್ದೇಶವಲ್ಲ. ಸರಿಯಾದ ಪ್ರಶ್ನೆಯನ್ನು ಸರಿಯಾದ ಕ್ರಮದಲ್ಲಿ ಕೇಳಲು ಕಲಿಯುವುದು ಉದ್ದೇಶ. ವೈದ್ಯರು ಹೊಟ್ಟೆನೋವು ಎಂದ ಕೂಡಲೇ ಆಪರೇಷನ್ ಮಾಡುವುದಿಲ್ಲ. ಮುಟ್ಟಿ ನೋಡುತ್ತಾರೆ, ರಕ್ತ ಪರೀಕ್ಷೆ ಮಾಡಿಸುತ್ತಾರೆ, ಆಮೇಲೆ ಮಾತಾಡುತ್ತಾರೆ. ಗಾಡಿಗೂ ಹಾಗೆಯೇ. ಹೊರಗಿನಿಂದ ಒಳಗೆ, ಕಡಿಮೆ ಖರ್ಚಿನಿಂದ ಹೆಚ್ಚು ಖರ್ಚಿಗೆ ಹೋಗಬೇಕು. ಇಂಜಿನ್ ಬಿಚ್ಚುವುದು ಕೊನೆಯ ಮೆಟ್ಟಿಲು.

ನೆನಪಿಡಬೇಕಾದ ಮೊದಲ ಮಾತು

ಹೊಗೆ ಬಿಟ್ಟರೂ ಗಾಡಿ ತನ್ನ ಕಾಲ ಮೇಲೆ ಗ್ಯಾರೇಜಿಗೆ ಹೋಗಿತ್ತು. ಬಿಚ್ಚಿ ಕಟ್ಟಿದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ. ಹಾಗಾದರೆ ಮೊದಲ ಅನುಮಾನ ಬಿಚ್ಚಿ ಕಟ್ಟಿದ್ದರ ಮೇಲೆಯೇ ಬರಬೇಕು. ಮನೆಗೆ ಸುಣ್ಣ ಹಚ್ಚಿದ ಮೇಲೆ ಲೈಟ್ ಹತ್ತದಿದ್ದರೆ ನಾವು ಮೊದಲು ಸುಣ್ಣ ಹಚ್ಚುವವರು ಬಿಚ್ಚಿದ ಬೋರ್ಡನ್ನು ನೋಡುತ್ತೇವೆ, ಊರ ಟ್ರಾನ್ಸ್‌ಫಾರ್ಮರ್ ನೋಡಲು ಹೋಗುವುದಿಲ್ಲ. ಇಂಜಿನ್ ಇಳಿಸುವಾಗ ಹತ್ತಾರು ವಾಯರು, ಪೈಪು, ನಟ್ಟು ಬಿಚ್ಚಿರುತ್ತಾರೆ. ಅದರಲ್ಲಿ ಒಂದು ಸಡಿಲ ಉಳಿದರೂ, ಮರೆತು ಹೋದರೂ, ಅದಲು ಬದಲಾದರೂ ಸಾಕು, ಹೊಸ ಪಿಸ್ಟನ್ ಇದ್ದೂ ಗಾಡಿ ಮಲಗಿರುತ್ತದೆ.

ಇಂಜಿನ್ನಿಗೆ ಬೇಕಾದ ಐದು

ನಮ್ಮಲ್ಲಿ ಬಹಳ ಮಂದಿ ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೌವ್ ನೋಡಿದವರೇ. ಎಣ್ಣೆ ಇರಬೇಕು, ಪಂಪು ಹೊಡೆದು ಒತ್ತಡ ಕಟ್ಟಬೇಕು, ಬಾಯಲ್ಲಿ ಕಸ ಇರಬಾರದು, ಕಡ್ಡಿ ಗೀರಬೇಕು. ಇದರಲ್ಲಿ ಒಂದು ತಪ್ಪಿದರೂ ಸ್ಟೌವ್ ಹತ್ತುವುದಿಲ್ಲ. ಇಂಜಿನ್ನಿನ ಲೆಕ್ಕವೂ ಹೆಚ್ಚು ಕಡಿಮೆ ಇದೇ.

1. ತಿರುಗಬೇಕು: ಬ್ಯಾಟರಿಯಿಂದ ಕರೆಂಟು ಬಂದು ಸೆಲ್ಫ್ ಮೋಟರ್ ಇಂಜಿನ್ನನ್ನು ಜೋರಾಗಿ ತಿರುಗಿಸಬೇಕು.
2. ಇಂಧನ: ಪೆಟ್ರೋಲ್ ಅಥವಾ ಡೀಸೆಲ್ ಒಳಗೆ ಮುಟ್ಟಬೇಕು. ಅದರ ಜೊತೆ ಗಾಳಿಯೂ ಹೋಗಬೇಕು.
3. ಬೆಂಕಿ: ಪೆಟ್ರೋಲ್ ಗಾಡಿಯಲ್ಲಿ ಪ್ಲಗ್ಗಿನ ಕಿಡಿ. ಡೀಸೆಲ್ ಗಾಡಿಯಲ್ಲಿ ಕಿಡಿ ಇಲ್ಲ, ಒತ್ತಿದ ಗಾಳಿಯ ಕಾವೇ ಬೆಂಕಿ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುತ್ತದಲ್ಲ, ಹಾಗೆ. ಡೀಸೆಲ್ ಇಂಜಿನ್ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಹಿಂಡುತ್ತದೆ. ಆ ಕಾವಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ.
4. ಒತ್ತಡ: ಮಿಸ್ತ್ರಿಗಳು ಇದನ್ನು ಕಂಪ್ರೆಷನ್ ಎನ್ನುತ್ತಾರೆ. ಕುಕ್ಕರಿನ ರಬ್ಬರು ಸರಿ ಕೂಡದಿದ್ದರೆ ಸೀಟಿ ಬರುತ್ತದೆಯೇ? ಹಾಗೆಯೇ ರಿಂಗು, ವಾಲ್ವು, ಹೆಡ್ ಗ್ಯಾಸ್ಕೆಟ್ ಸರಿ ಕೂಡದಿದ್ದರೆ ಒತ್ತಡ ಕಟ್ಟುವುದಿಲ್ಲ.
5. ಹೊತ್ತು: ಇದು ಟೈಮಿಂಗ್. ಹಂಚು ಕಾಯುವ ಮೊದಲೇ ರೊಟ್ಟಿ ಹಾಕಿದರೆ ಅಂಟುತ್ತದೆ, ತಡವಾಗಿ ಹಾಕಿದರೆ ಸೀಯುತ್ತದೆ. ಕಿಡಿಯೂ, ಡೀಸೆಲ್ಲೂ, ವಾಲ್ವು ತೆರೆಯುವುದೂ ಸರಿಯಾದ ಕ್ಷಣಕ್ಕೆ ಆಗಬೇಕು.

ಈ ಐದನ್ನು ಬೆರಳಲ್ಲಿ ಎಣಿಸಿ ಇಟ್ಟುಕೊಳ್ಳಿರಿ. ತಿರುಗು, ಇಂಧನ, ಬೆಂಕಿ, ಒತ್ತಡ, ಹೊತ್ತು. ಇದರ ಹೊರಗೆ ಕಾರಣ ಸಿಗುವುದು ಅಪರೂಪ.

ಮೊದಲು ಕಿವಿ ಕೊಟ್ಟು ಕೇಳ್ರಿ

ಚಾವಿ ತಿರುಗಿಸಿದಾಗ ಏನು ಸಪ್ಪಳ ಬರುತ್ತದೆ? ಅರ್ಧ ರೋಗ ಅಲ್ಲೇ ತಿಳಿಯುತ್ತದೆ.

ಏನೂ ಸಪ್ಪಳ ಇಲ್ಲ ಎಂದರೆ ಬ್ಯಾಟರಿ, ಫ್ಯೂಸ್ ಅಥವಾ ಸೆಲ್ಫಿಗೆ ಹೋಗುವ ಸಣ್ಣ ವಾಯರ್ ನೋಡಬೇಕು.
‘ಟಕ್ ಟಕ್ ಟಕ್’ ಎಂದು ಬೇಗ ಬೇಗ ಬಡಿದರೆ ಬ್ಯಾಟರಿ ಇಳಿದಿದೆ ಅಥವಾ ವಾಯರ್ ಸಡಿಲಾಗಿದೆ.
‘ಊಂ... ಊಂ...’ ಎಂದು ನಿಧಾನ ತಿರುಗಿದರೆ ಬ್ಯಾಟರಿ, ಅರ್ತಿಂಗ್ ವಾಯರ್ ಅಥವಾ ಇಂಜಿನ್ ಬಿಗಿ.
ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತುವುದಿಲ್ಲ ಎಂದರೆ ಇಂಧನ, ಬೆಂಕಿ, ಒತ್ತಡ, ಹೊತ್ತು ಈ ನಾಲ್ಕರಲ್ಲಿ ಒಂದು.
‘ಢಬ್’ ಎಂದು ಗಾಳಿ ಹೋಗುವ ಬಾಯಿಂದ ಅಥವಾ ಸೈಲೆನ್ಸರಿನಿಂದ ಹೊಡೆದರೆ ಹೊತ್ತು ತಪ್ಪಿದೆ ಎಂದು ಅನುಮಾನ.
ಯಾವ ಅಡ್ಡಿಯೂ ಇಲ್ಲದೆ ‘ಗರ್‌ರ್’ ಎಂದು ಹಗುರಾಗಿ, ಬೇಗ ತಿರುಗಿದರೆ ಒತ್ತಡ ಇಲ್ಲ. ಟೈಮಿಂಗ್ ಬೆಲ್ಟ್ ಅಥವಾ ವಾಲ್ವು ನೋಡಬೇಕು.

ಮಿಸ್ತ್ರಿಗೆ ಫೋನಿನಲ್ಲಿ ಹೇಳುವಾಗ ‘ಸ್ಟಾರ್ಟ್ ಆಗವಲ್ದು’ ಎಂದಷ್ಟೇ ಹೇಳಬೇಡ್ರಿ. ಯಾವ ಸಪ್ಪಳ ಎಂದು ಹೇಳ್ರಿ.

ಮೊದಲ ಪ್ರಶ್ನೆ: ಇಂಜಿನ್ ಜೋರಾಗಿ ತಿರುಗುತ್ತದೆಯೇ?

ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಂತಿರುತ್ತದೆ. ಬ್ಯಾಟರಿ ಇಳಿದಿರುವುದು ಸಹಜ. ಮೀಟರ್ ಹಿಡಿದರೆ ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಲೇಬೇಕು. ಸೆಲ್ಫ್ ಹೊಡೆಯುವಾಗ ಸುಮಾರು 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು. ಇನ್ನೊಂದು ಮಾತು. ಹೊಸ ರಿಂಗು, ಹೊಸ ಬೇರಿಂಗ್ ಹಾಕಿದ ಇಂಜಿನ್ ಬಿಗಿಯಾಗಿರುತ್ತದೆ, ತಿರುಗಲು ಹೆಚ್ಚು ಶಕ್ತಿ ಬೇಕು. ಹಳೇ ಸಡಿಲ ಇಂಜಿನ್ನಿಗೆ ಸಾಲುತ್ತಿದ್ದ ಬ್ಯಾಟರಿ ಈಗ ಸಾಲದೆ ಹೋಗಬಹುದು.

ಬ್ಯಾಟರಿ ಸರಿ ಇದ್ದರೆ ಅರ್ತಿಂಗ್ ವಾಯರ್ ನೋಡಬೇಕು. ಇಂಜಿನ್ನಿನಿಂದ ಚಾಸಿಗೆ ಒಂದು ದಪ್ಪ ಪಟ್ಟಿ ಅಥವಾ ವಾಯರ್ ಇರುತ್ತದೆ. ಇಂಜಿನ್ ಕೂಡಿಸುವಾಗ ಇದನ್ನು ಮರೆಯುವುದು, ಇಲ್ಲವೇ ಜಂಗು, ಬಣ್ಣದ ಮೇಲೆಯೇ ಬಿಗಿದುಬಿಡುವುದು ಬಹಳ ಕಡೆ ಆಗುವ ತಪ್ಪು. ಆಗ ಲೈಟು ಚೆನ್ನಾಗಿ ಹತ್ತುತ್ತದೆ, ಹಾರ್ನ್ ಹೊಡೆಯುತ್ತದೆ, ಸೆಲ್ಫ್ ಮಾತ್ರ ತಿರುಗುವುದಿಲ್ಲ. ಪರೀಕ್ಷೆ ಸುಲಭ. ಬ್ಯಾಟರಿಯ ಮೈನಸ್‌ನಿಂದ ಇಂಜಿನ್ನಿನ ಕಬ್ಬಿಣಕ್ಕೆ ಇನ್ನೊಂದು ದಪ್ಪ ವಾಯರ್ ಹಿಡಿಸಿ ಸೆಲ್ಫ್ ಹೊಡೆಸಬೇಕು. ಜೋರಾಗಿ ತಿರುಗಿದರೆ ಕಳ್ಳ ಸಿಕ್ಕ!

ಎರಡೂ ಸರಿ ಇದ್ದೂ ತಿರುಗದಿದ್ದರೆ ಕ್ರ್ಯಾಂಕಿನ ಪುಲ್ಲಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೂ ತಿರುಗಬೇಕು. ಒಂದು ಜಾಗದಲ್ಲಿ ಕಲ್ಲಿನಂತೆ ನಿಂತರೆ ಮತ್ತೆ ಸೆಲ್ಫ್ ಹೊಡೆಯಬಾರದು. ಬೇರಿಂಗ್ ಕ್ಯಾಪ್ ಅದಲು ಬದಲಾಗಿರಬಹುದು, ಸಿಲಿಂಡರಿನಲ್ಲಿ ನೀರು ಅಥವಾ ಡೀಸೆಲ್ ತುಂಬಿರಬಹುದು, ಪಿಸ್ಟನ್ ವಾಲ್ವಿಗೆ ತಾಗುತ್ತಿರಬಹುದು. ಹಟ ಮಾಡಿದರೆ ಹೊಸ ಸಾಮಾನೂ ಮುರಿಯುತ್ತದೆ.

ಎರಡನೇ ಪ್ರಶ್ನೆ: ಇಂಧನ ಒಳಗೆ ಮುಟ್ಟುತ್ತದೆಯೇ?

ಡೀಸೆಲ್ ಗಾಡಿಯಾದರೆ ಮೊದಲ ಅನುಮಾನ ಏರ್. ಪಂಪ್‌ಸೆಟ್ ಇಂಜಿನ್ ಇದ್ದ ಮನೆಯವರಿಗೆ ಇದು ಗೊತ್ತು. ಡೀಸೆಲ್ ಖಾಲಿಯಾಗಿ ಮತ್ತೆ ತುಂಬಿದರೆ ಪೈಪಿನಲ್ಲಿ ಗಾಳಿ ಹಿಡಿದು ಇಂಜಿನ್ ಹತ್ತುವುದಿಲ್ಲ. ಇಂಜಿನ್ ಕೆಲಸದಲ್ಲಿ ಎಲ್ಲ ಪೈಪು ಬಿಚ್ಚಿರುವುದರಿಂದ ಏರ್ ಇದ್ದೇ ಇರುತ್ತದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾ ಇರಬೇಕು. ಮೊದಲು ಬುರುಗು ಬರುತ್ತದೆ, ಆಮೇಲೆ ಗುಳ್ಳೆ ಇಲ್ಲದ ಡೀಸೆಲ್ ಬರುತ್ತದೆ. ಆಗ ಬಿಗಿಯಬೇಕು. ಹಳೇ ಮಾದರಿಯ ಡೀಸೆಲ್ ಪಂಪು ಇದ್ದರೆ ನಾಜಲ್ ಹತ್ತಿರದ ನಟ್ಟು ಸಡಿಲಿಸಿ ಅಲ್ಲಿಯವರೆಗೂ ಏರ್ ತೆಗೆಯುತ್ತಾರೆ. ಕಾಮನ್ ರೈಲ್ ಎನ್ನುವ ಹೊಸ ಮಾದರಿಯಲ್ಲಿ ಹೀಗೆ ಮಾಡಲೇಬಾರದು. ಆ ಪೈಪಿನ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಕೈಯೇ ಹೋಗುವ ಅಪಾಯ ಇದೆ.

ಹಳೇ ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ ಎಂಬ ಸಣ್ಣ ಡಬ್ಬಿ ಇರುತ್ತದೆ, ಅದಕ್ಕೆ ಒಂದೇ ವಾಯರ್. ಚಾವಿ ಆನ್ ಮಾಡಿದಾಗ ಅದು ಡೀಸೆಲ್ಲಿಗೆ ದಾರಿ ಬಿಡುತ್ತದೆ. ಆ ವಾಯರ್ ಹಾಕುವುದು ಮರೆತರೆ ಎಷ್ಟು ಸೆಲ್ಫ್ ಹೊಡೆದರೂ ಹನಿ ಡೀಸೆಲ್ ಹೋಗುವುದಿಲ್ಲ. ಸೈಲೆನ್ಸರ್ ನೋಡ್ರಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಮುಟ್ಟುತ್ತಿಲ್ಲ.

ಪೆಟ್ರೋಲ್ ಗಾಡಿಯಲ್ಲಿ ಪೆಟ್ರೋಲ್ ಪೈಪು ಅದಲು ಬದಲಾಗಿದೆಯೇ, ಪಂಪಿನ ಫ್ಯೂಸ್ ಹೋಗಿದೆಯೇ ನೋಡಬೇಕು. ತಿಂಗಳುಗಟ್ಟಲೆ ನಿಂತಿದ್ದರೆ ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಬೇಕು.

ಗಾಳಿಯನ್ನೂ ಮರೆಯಬೇಡ್ರಿ. ಇಂಜಿನ್ ಬಿಚ್ಚಿದಾಗ ಕಸ ಬೀಳದಿರಲೆಂದು ತೂತುಗಳಿಗೆ ಬಟ್ಟೆ ತುರುಕುತ್ತಾರೆ. ಆ ಬಟ್ಟೆ ಒಳಗೇ ಉಳಿದರೆ ಇಂಜಿನ್ನಿಗೆ ಉಸಿರು ಎಲ್ಲಿಂದ ಬರಬೇಕು? ಕೇಳಲು ಸಂಕೋಚ ಬೇಡ: “ಅಣ್ಣಾ, ಬಟ್ಟೆ ಎಲ್ಲಾ ತೆಗೆದೀರೇನು?”

ಮೂರನೇ ಪ್ರಶ್ನೆ: ಬೆಂಕಿ ಇದೆಯೇ?

ಪೆಟ್ರೋಲ್ ಗಾಡಿಯಲ್ಲಿ ಪ್ಲಗ್ ಬಿಚ್ಚಿ, ಅದರ ವಾಯರಿಗೆ ಸಿಕ್ಕಿಸಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಸೆಲ್ಫ್ ಹೊಡೆದರೆ ನೀಲಿ ಕಿಡಿ ಕಾಣಬೇಕು. ಇದನ್ನು ಮಿಸ್ತ್ರಿಯೇ ಮಾಡಲಿ. ಪೆಟ್ರೋಲ್ ಚೆಲ್ಲಿದ ಕಡೆ ಮಾಡಬಾರದು.

ಕಿಡಿ ಇದ್ದೂ ಹತ್ತದಿದ್ದರೆ ಪ್ಲಗ್ ವಾಯರುಗಳ ಸರದಿ ನೋಡಬೇಕು. ನಾಲ್ಕು ಸಿಲಿಂಡರಿನ ಬಹುತೇಕ ಕಾರುಗಳಲ್ಲಿ ಕಿಡಿ 1, 3, 4, 2 ಎಂಬ ಸರದಿಯಲ್ಲಿ ಬರುತ್ತದೆ. ಮೂರು ಸಿಲಿಂಡರಿನ ಮಾರುತಿ 800, ಓಮ್ನಿಯಂಥ ಗಾಡಿಗಳಲ್ಲಿ 1, 3, 2. ಎರಡು ವಾಯರ್ ಅದಲಾದರೆ ಗಾಡಿ ಢಬ್ ಢಬ್ ಎನ್ನುತ್ತದೆ ಹೊರತು ಓಡುವುದಿಲ್ಲ. ಸರಿಪಡಿಸಲು ಐದು ನಿಮಿಷ ಸಾಕು.

ಡೀಸೆಲ್ ಗಾಡಿಯಲ್ಲಿ ಹೀಟರ್ ಪ್ಲಗ್ ಇದ್ದರೆ ಅದಕ್ಕೆ ಕರೆಂಟ್ ಬರುತ್ತಿದೆಯೇ ನೋಡಬೇಕು. ನಮ್ಮ ಕಡೆಯ ಬೇಸಿಗೆಯ ಬಿಸಿಲಲ್ಲಿ ಇದು ಅಷ್ಟು ಕಾಡದು. ಡಿಸೆಂಬರ್ ಮುಂಜಾನೆ ಕಾಡುತ್ತದೆ.

ಈಗಿನ ಗಾಡಿಗಳು, ಅದರಲ್ಲೂ 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್.-6 ಗಾಡಿಗಳು, ಕಂಪ್ಯೂಟರಿನ ಅಪ್ಪಣೆಯಂತೆ ನಡೆಯುತ್ತವೆ. ಇಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವುದು ಕ್ರ್ಯಾಂಕ್ ಸೆನ್ಸರ್. ಅದರ ಪಿನ್ನು ಹಾಕದಿದ್ದರೆ ಕಂಪ್ಯೂಟರ್ ಕಿಡಿಯನ್ನೂ ಕೊಡುವುದಿಲ್ಲ, ಇಂಧನವನ್ನೂ ಬಿಡುವುದಿಲ್ಲ. ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆದಾಗ ಆರ್‌.ಪಿ.ಎಂ. ಸೊನ್ನೆಯಲ್ಲೇ ನಿಂತರೆ ಈ ಸೆನ್ಸರನ್ನೇ ಮೊದಲು ನೋಡಬೇಕು. ಇಂಥ ಗಾಡಿಗೆ ಸ್ಕ್ಯಾನರ್ ಹಾಕದೆ ‘ಮತ್ತೆ ಬಿಚ್ಚೋಣ’ ಎಂದರೆ ಒಪ್ಪಬೇಡ್ರಿ.

ನಾಲ್ಕನೇ ಪ್ರಶ್ನೆ: ಒತ್ತಡ ಎಷ್ಟಿದೆ?

ಇದು ಬಹಳ ಮುಖ್ಯ. ಇಂಜಿನ್ ಮತ್ತೆ ಬಿಚ್ಚಬೇಕೋ ಬೇಡವೋ ಎಂದು ಹೇಳುವ ಪರೀಕ್ಷೆ ಇದೇ. ಕಂಪ್ರೆಷನ್ ಗೇಜ್ ಹಾಕಿ ಪ್ರತಿ ಸಿಲಿಂಡರಿನ ಒತ್ತಡ ಅಳೆಯುತ್ತಾರೆ. ಕಾರಿನ ಟೈರಿಗೆ ನಾವು ಸುಮಾರು 30 ಪೌಂಡ್ ಗಾಳಿ ಹಾಕಿಸುತ್ತೇವೆ. ಒಳ್ಳೆಯ ಪೆಟ್ರೋಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ 150ರಿಂದ 200, ಡೀಸೆಲ್ ಇಂಜಿನ್ನಿನಲ್ಲಿ 300ರಿಂದ 450 ಪೌಂಡ್ ಇರುತ್ತದೆ. ಗಾಡಿಯಿಂದ ಗಾಡಿಗೆ ವ್ಯತ್ಯಾಸ ಉಂಟು. ಹೊಸ ರಿಂಗು ಕೂತುಕೊಳ್ಳುವವರೆಗೆ ಸ್ವಲ್ಪ ಕಡಿಮೆ ಇರಬಹುದು. ಆದರೆ ಸಿಲಿಂಡರುಗಳ ನಡುವೆ ಬಹಳ ಅಂತರ ಇರಬಾರದು.

ಗೇಜ್ ಹೇಳುವ ಮಾತು ಹೀಗಿರುತ್ತದೆ:

ಎಲ್ಲವೂ ಸರಿ ಇದ್ದರೆ ಇಂಜಿನ್ ಬಿಚ್ಚುವ ಕಾರಣವೇ ಇಲ್ಲ. ಮತ್ತೆ ಇಂಧನ, ಬೆಂಕಿ, ಹೊತ್ತಿನ ಕಡೆ ನೋಡಬೇಕು.
ಅಕ್ಕಪಕ್ಕದ ಎರಡರಲ್ಲಿ ಮಾತ್ರ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಹೆಡ್ ಎತ್ತಿದರೆ ಸಾಕು, ಪೂರ್ತಿ ಇಂಜಿನ್ ಇಳಿಸಬೇಕಿಲ್ಲ.
ಎಲ್ಲದರಲ್ಲೂ ಒಂದೇ ಸಮ ಕಡಿಮೆ ಇದ್ದರೆ ಟೈಮಿಂಗ್ ತಪ್ಪಿರಬಹುದು, ಇಲ್ಲವೇ ಟ್ಯಾಪೆಟ್ ಬಿಗಿಯಾಗಿ ವಾಲ್ವು ಮುಚ್ಚುತ್ತಿಲ್ಲ. ಇವೂ ಮೇಲಿನ ಕೆಲಸವೇ.
ಪೆಟ್ರೋಲ್ ಇಂಜಿನ್ನಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗಿನ ಕಡೆ ದೋಷ, ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್ ಕಡೆ. ಬಹಳ ಸೆಲ್ಫ್ ಹೊಡೆದು ಪೆಟ್ರೋಲು ಸಿಲಿಂಡರಿನ ಆಯಿಲ್ ತೊಳೆದುಬಿಟ್ಟಿದ್ದರೂ ಹೀಗೇ ಕಾಣುತ್ತದೆ, ಆ ಚಮಚ ಆಯಿಲಿಗೇ ಗಾಡಿ ಹತ್ತಿಬಿಡುವುದೂ ಉಂಟು. ಡೀಸೆಲ್ ಇಂಜಿನ್ನಿಗೆ ಈ ಆಯಿಲ್ ಪರೀಕ್ಷೆ ಮಾಡಿಸಬೇಡ್ರಿ.

ಐದನೇ ಪ್ರಶ್ನೆ: ಹೊತ್ತು ಸರಿ ಕೂಡಿದೆಯೇ?

ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಅಂದರೆ ಪಿಸ್ಟನ್ ಮೇಲಕ್ಕೆ ಎರಡು ಸಲ ಬರುತ್ತದೆ. ಒಂದು ಸಲ ಒತ್ತಡ ಕಟ್ಟಲು, ಇನ್ನೊಂದು ಸಲ ಹೊಗೆ ಹೊರಗೆ ತಳ್ಳಲು. ಹಳೇ ಪೆಟ್ರೋಲ್ ಗಾಡಿಯ ಡಿಸ್ಟ್ರಿಬ್ಯೂಟರನ್ನು ಎರಡನೆಯದಕ್ಕೆ ಕೂಡಿಸಿಬಿಟ್ಟರೆ ಹೊಗೆ ಹೋಗುವ ಹೊತ್ತಿಗೆ ಕಿಡಿ ಬರುತ್ತದೆ. ಕಿಡಿ ಇದೆ, ಪೆಟ್ರೋಲ್ ಇದೆ, ಒತ್ತಡ ಇದೆ, ಆದರೂ ಗಾಡಿ ಹತ್ತುವುದಿಲ್ಲ! ಮಿಸ್ತ್ರಿಗಳು ಇದನ್ನು ‘180 ಡಿಗ್ರಿ ಹೊರಗೆ’ ಎನ್ನುತ್ತಾರೆ. ಡಿಸ್ಟ್ರಿಬ್ಯೂಟರ್ ಎತ್ತಿ ಅರ್ಧ ಸುತ್ತು ತಿರುಗಿಸಿ ಕೂಡಿಸಿದರೆ ಮುಗಿಯಿತು.

ಡೀಸೆಲ್ ಇಂಜಿನ್ನಿನಲ್ಲಿ ಪಂಪಿನ ಗೇರಿನ ಗುರುತು ಒಂದು ಹಲ್ಲು ಆಚೀಚೆ ಆದರೂ ಬಿಳಿ ಹೊಗೆ ಬರುತ್ತದೆ, ಇಂಜಿನ್ ಹತ್ತುವುದಿಲ್ಲ. ಕ್ರ್ಯಾಂಕ್, ಕ್ಯಾಮ್, ಪಂಪ್ ಇವುಗಳ ಗುರುತುಗಳು ಒಟ್ಟಿಗೆ ಕೂಡಿದ್ದನ್ನು ನಿಮ್ಮ ಮಗನಿಗೆ ತೋರಿಸಲು ಹೇಳ್ರಿ, ಮೊಬೈಲಿನಲ್ಲಿ ಫೋಟೋ ತೆಗೆಸ್ರಿ.

ಮಾಡಬಾರದ ನಾಲ್ಕು ಕೆಲಸ

1. ಬಿಡದೆ ಸೆಲ್ಫ್ ಹೊಡೆಯಬಾರದು. ಒಮ್ಮೆಗೆ ಹತ್ತು ಹದಿನೈದು ಸೆಕೆಂಡು ಸಾಕು, ಆಮೇಲೆ ಒಂದೆರಡು ನಿಮಿಷ ಬಿಡಬೇಕು. ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಟ್ಟು ಇನ್ನೊಂದು ಖರ್ಚು.

2. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬಾರದು, ಊರ ಹುಡುಗರನ್ನು ಕರೆದು ದಬ್ಬಿಸಬಾರದು. ನಮ್ಮ ಕಡೆ ಇದೇ ಮೊದಲ ಔಷಧಿ. ಇಂಜಿನ್ ಕೆಲಸವಾದ ಗಾಡಿಗೆ ಇದು ವಿಷ. ಟೈಮಿಂಗ್ ತಪ್ಪಿದ್ದರೆ ಬಹಳಷ್ಟು ಇಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವಿಗೆ ಹೊಡೆದು ವಾಲ್ವು ಬಾಗುತ್ತದೆ. ಸಣ್ಣ ತಪ್ಪು ದೊಡ್ಡದಾಗುತ್ತದೆ.

3. ಆಯಿಲ್ ಮೇಲೆ ಏರುವ ಮೊದಲೇ ಸ್ಟಾರ್ಟ್ ಮಾಡಬಾರದು. ಹೊಸ ಬೇರಿಂಗುಗಳು ಒಣಗಿರುತ್ತವೆ. ಇಂಧನ ಅಥವಾ ಕಿಡಿ ಬಂದ್ ಮಾಡಿ, ಬಿಟ್ಟು ಬಿಟ್ಟು ಸೆಲ್ಫ್ ಹೊಡೆದು ಆಯಿಲ್ ಲೈಟ್ ಆರಿದ ಮೇಲೆ ಸ್ಟಾರ್ಟ್ ಮಾಡುವುದು ಒಳ್ಳೆಯ ಮಿಸ್ತ್ರಿಗಳ ಪದ್ಧತಿ. ಅದಕ್ಕೂ ಮೊದಲು ಪಾನಾ ಹಾಕಿ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲ ಎಂದು ನೋಡಬೇಕು.

4. ಬಾನೆಟ್ ತೆಗೆದಾಗ ಸೆರಗು, ಜಡೆ, ಕೂಸು ಹತ್ತಿರ ಇರಬಾರದು. ಫ್ಯಾನ್ ಬೆಲ್ಟಿಗೆ ಕರುಣೆ ಇಲ್ಲ. ಬ್ಯಾಟರಿ, ಪೆಟ್ರೋಲ್ ಇದ್ದ ಕಡೆ ಬೀಡಿ ಬೇಡವೇ ಬೇಡ.

‘ಹೆಂಗಸರಿಗೇನು ತಿಳಿಯುತ್ತದೆ’ ಎನ್ನುವವರಿಗೆ

ಗ್ಯಾರೇಜಿಗೆ ಹೋಗಿ ಕೇಳಿದರೆ ಈ ಮಾತು ಬರಬಹುದು. ಆಗ ಬರ್ತಾ ಬೆಂಜ್ ಎಂಬ ಹೆಣ್ಣುಮಗಳನ್ನು ನೆನೆಯಿರಿ. ಜರ್ಮನಿಯ ಈಕೆಯ ಗಂಡ ಕಾರ್ಲ್ ಬೆಂಜ್ 1886ರಲ್ಲಿ ಮೋಟಾರು ಗಾಡಿಗೆ ಪೇಟೆಂಟ್ ಪಡೆದವರು. ಆ ಕೆಲಸಕ್ಕೆ ಬರ್ತಾ ತನ್ನ ತವರಿನಿಂದ ಬಂದ ಹಣವನ್ನೇ ಹಾಕಿದ್ದರು. ಜನ ಗಾಡಿಯನ್ನು ನಂಬಲಿಲ್ಲ, ಕೊಳ್ಳಲಿಲ್ಲ. 1888ರ ಆಗಸ್ಟಿನಲ್ಲಿ ಆಕೆ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಸುಮಾರು 100 ಕಿಲೋಮೀಟರ್ ಗಾಡಿ ಓಡಿಸಿದರು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಟೋಪಿಯ ಪಿನ್ನಿನಿಂದ ಬಿಡಿಸಿದರು, ನಾವು ಸ್ಟೌವಿಗೆ ಪಿನ್ನು ಚುಚ್ಚಿದ ಹಾಗೆ! ಕಿಡಿಯ ವಾಯರ್ ತಾಗುತ್ತಿತ್ತು, ಕಾಲುಚೀಲದ ಪಟ್ಟಿ ಸುತ್ತಿ ಸರಿಮಾಡಿದರು. ಇಂಧನ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡು ತುಂಬಿದರು. ಗಾಡಿಯಲ್ಲಿ ಆದ ಮೊದಲ ದೂರದ ಪಯಣ ಅದೇ. ಆಕೆ ಕೇಳಿಕೊಂಡದ್ದೂ ಇದೇ ಪ್ರಶ್ನೆ: ಇಂಧನ ಬರುತ್ತಿದೆಯೇ, ಕಿಡಿ ಬರುತ್ತಿದೆಯೇ?

ಲೆಕ್ಕ ಮತ್ತು ಕಾಗದ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಒಬ್ಬ ಸದಸ್ಯೆ 40,000 ಸಾಲ ಪಡೆದು ಹಳೇ ಡೀಸೆಲ್ ಕ್ರೂಸರಿನ ಇಂಜಿನ್ ಕೆಲಸ ಮಾಡಿಸಿದ್ದಾಳೆ. ಗಾಡಿ ಹತ್ತುತ್ತಿಲ್ಲ. ಇನ್ನೂ 20,000 ಕೇಳುತ್ತಿದ್ದಾರೆ. ಹತ್ತಿ ಬಿಡಿಸುವ ಸುಗ್ಗಿ ಎದುರಿಗಿದೆ, ಬಾಡಿಗೆ ತಪ್ಪುತ್ತಿದೆ. ಸಂಘ ಏನು ಮಾಡಬೇಕು? ಎರಡನೇ ಸಾಲದ ಅರ್ಜಿಯ ಮೇಲೆ ಸಹಿ ಹಾಕುವ ಮೊದಲು ಐದು ಪ್ರಶ್ನೆಗೆ ಉತ್ತರ ಬರೆಸಿ ತರಲು ಹೇಳಬೇಕು. ಅರ್ತಿಂಗ್ ಸರಿಪಡಿಸಿ ಏರ್ ತೆಗೆದ ಮೇಲೆ ಗಾಡಿ ಹತ್ತಿದರೆ ಖರ್ಚು ಒಂದು ವಾಯರು, ಒಂದೆರಡು ತಾಸಿನ ಕೂಲಿ. 20,000 ಉಳಿಯಿತು. ಗೇಜ್ ಹಾಕಿದಾಗ ಅಕ್ಕಪಕ್ಕದ ಎರಡು ಸಿಲಿಂಡರಿನಲ್ಲಿ ಒತ್ತಡ ಇಲ್ಲ ಎಂದು ತಿಳಿದರೆ ಹೆಡ್ ಎತ್ತಲೇಬೇಕು. ಆಗಲೂ ಎರಡು ಪ್ರಶ್ನೆ ಉಳಿಯುತ್ತವೆ. ಬರೀ ಹೆಡ್ಡಿಗೆ ಎಷ್ಟು? ಸಾಮಾನಿನ ದೋಷವೋ, ಕಟ್ಟಿದ್ದರ ದೋಷವೋ? ಕಟ್ಟಿದ್ದರ ದೋಷವಾದರೆ ಕೂಲಿ ಯಾರು ಹೊರಬೇಕು?

ಈ ಪ್ರಶ್ನೆ ಜಗಳವಾಗಬಾರದು ಎಂದರೆ ಕೆಲಸಕ್ಕೆ ಬಿಡುವಾಗಲೇ ಕಾಗದ ಮಾಡಿಸಬೇಕು:

ಏನೇನು ಕೆಲಸ, ಎಷ್ಟು ಕೂಲಿ, ಎಷ್ಟು ದಿನ ಎಂದು ಒಂದು ಚೀಟಿ, ಮಿಸ್ತ್ರಿಯ ಸಹಿಯೊಂದಿಗೆ.
ಸಾಮಾನಿನ ಬಿಲ್ ಮತ್ತು ಲೇತಿನ ಬಿಲ್ ಬೇರೆ ಬೇರೆ. ಲೇತಿನ ಬಿಲ್ಲಿನಲ್ಲಿ ಬೋರಿನ ಅಳತೆ ಬರೆಸಬೇಕು.
ಹಳೇ ಪಿಸ್ಟನ್, ರಿಂಗು, ಬೇರಿಂಗ್ ಚೀಲದಲ್ಲಿ ಹಾಕಿ ಮನೆಗೆ ತರಬೇಕು. ಹೊಸದು ಹಾಕಿದ್ದಕ್ಕೆ ಅದೇ ಸಾಕ್ಷಿ.
ಹಣ ಒಮ್ಮೆಗೇ ಕೊಡಬಾರದು. ಕೊನೆಯ ಕಂತು ಗಾಡಿ ಸ್ಟಾರ್ಟ್ ಆಗಿ, ಓಡಿಸಿ ನೋಡಿದ ಮೇಲೆ.

ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಸರ ಮಾಡುವುದಿಲ್ಲ. ಬಿಸಿಲಲ್ಲಿ, ಆಯಿಲ್ ಕೈಯಲ್ಲಿ ದುಡಿಯುವವರು ಅವರೂ. ಅವರ ಮರ್ಯಾದೆಗೆ ಧಕ್ಕೆ ಬಾರದಂತೆ ‘ಅಣ್ಣಾ’ ಎಂದೇ ಕೇಳೋಣ. ಆದರೆ ಕೇಳದೆ ಬಿಡುವುದು ಬೇಡ.

ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ತೊಂದರೆಯಾದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ‘ಬಾಡಿಗೆ ಗಾಡಿಗೆ ಇದು ಅನ್ವಯಿಸುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಹಾಗೇ ಎದ್ದು ಬರಬೇಡ್ರಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡು ಬಳಸುವುದನ್ನು ಕಾನೂನು ‘ವ್ಯಾಪಾರದ ಉದ್ದೇಶ’ ಎಂದು ಎಣಿಸುವುದಿಲ್ಲ. ಬಿಲ್ ಇದ್ದರೆ ಮಾತ್ರ ಇದೆಲ್ಲ ನಡೆಯುತ್ತದೆ. ಬಾಯಿಮಾತಿಗೆ ಸಾಕ್ಷಿ ಇಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಗಾಡಿಗಾಗಿ ಸಾಲ ಪಡೆದವರು ಎಷ್ಟು ಮಂದಿ? ಗಾಡಿಯ ಕಾಗದ ಯಾರ ಹೆಸರಿನಲ್ಲಿದೆ, ಸಾಲ ಯಾರ ಹೆಸರಿನಲ್ಲಿದೆ?
2. ರಿಪೇರಿಗೆ ಎರಡನೇ ಸಾಲ ಕೇಳಿದಾಗ ಐದು ಪ್ರಶ್ನೆಯ ಉತ್ತರ ಬರೆದು ತರಬೇಕು ಎಂದು ಠರಾವು ಮಾಡಬಹುದೇ?
3. ಗಾಡಿ ದುಡಿದ ದಿನ 50 ಅಥವಾ 100 ರೂಪಾಯಿ ರಿಪೇರಿಗೆಂದು ಬೇರೆ ಎತ್ತಿಟ್ಟರೆ ವರ್ಷಕ್ಕೆ ಎಷ್ಟಾಗುತ್ತದೆ? ಲೆಕ್ಕ ಹಾಕಿ ನೋಡಿರಿ.
4. ನಮ್ಮ ಹೆಣ್ಣುಮಕ್ಕಳಲ್ಲಿ ಐ.ಟಿ.ಐ.ಗೆ ಹೋಗಿ ಮೋಟಾರು ಕೆಲಸ ಕಲಿಯುವ ಮನಸ್ಸು ಯಾರಿಗಿದೆ? ಅವರನ್ನು ತಡೆಯುವುದು ಏನು?

ಮನೆಗೆಲಸ: ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಗಾಡಿಯ ಬಾನೆಟ್ ತೆಗೆಸಿ ಬ್ಯಾಟರಿ, ಅರ್ತಿಂಗ್ ವಾಯರ್, ಸೆಲ್ಫ್ ಮೋಟರ್, ಡೀಸೆಲ್ ಫಿಲ್ಟರ್ ಎಲ್ಲಿವೆ ಎಂದು ಕೇಳಿ ನೋಡಿ ಬನ್ನಿರಿ. ಓದು ಬರಹ ಬರುವವರು ಐದು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಸಂಘದ ಠರಾವು ಪುಸ್ತಕದಲ್ಲಿ ಅಂಟಿಸಿರಿ. ತಿರುಗು, ಇಂಧನ, ಬೆಂಕಿ, ಒತ್ತಡ, ಹೊತ್ತು.